ಕೂರೋಕೆ ಪದ್ಮಿನಿ, ಓಡಿಸೋಕೆ 800

ಮುಂಬೈಯ ಮುಲುಂಡಿನ ನಮ್ಮ ಮನೆಯಲ್ಲಿ ಎರಡು ಹಳೇ ಗಾಡಿಗಳಿವೆ. ಒಂದು ಮಾವನವರ 1987ರ ಪ್ರೀಮಿಯರ್ ಪದ್ಮಿನಿ. ಇನ್ನೊಂದು ನನ್ನ 2003ರ ಮಾರುತಿ 800, ಎಂಪಿಎಫ್‌ಐ, ಅಂದರೆ ಇಂಜೆಕ್ಟರಿನಿಂದ ಪೆಟ್ರೋಲು ಚಿಮ್ಮಿಸುವ ಮಾದರಿ. ಹಳೇ ಕಾರು ಕೊಳ್ಳುವ ಆಸೆಯಿರುವವರು ಯಾವುದು ವಾಸಿ ಅಂತ ಕೇಳುತ್ತಾರೆ. ಎರಡನ್ನೂ ಓಡಿಸುವವಳು ನಾನೇ. ನನ್ನ ಓಟು 800ಕ್ಕೆ.

ಪದ್ಮಿನಿಯನ್ನು ಹಾಡಿ ಹೊಗಳುವವರನ್ನು ಸ್ವಲ್ಪ ವಿಚಾರಿಸಿ ನೋಡಿ. ಹೆಚ್ಚಿನವರು ಹಿಂದಿನ ಸೀಟಿನಲ್ಲಿ ಕೂತವರೇ. ಮುಂಬೈಯಲ್ಲಿ ಕಾಳಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಅಂದರೆ ಅದೇ ಆಗಿತ್ತಲ್ವಾ? ಕೊನೆಯ ಪದ್ಮಿನಿ ಟ್ಯಾಕ್ಸಿ 2003ರಲ್ಲಿ ತಾಡದೇವ್ ಆರ್‌ಟಿಒದಲ್ಲಿ ರಿಜಿಸ್ಟರ್ ಆಗಿತ್ತು. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆ ಬಿಟ್ಟಿತು. ಹಿಂದೆ ಕೂತವರಿಗೆ ನಿಜಕ್ಕೂ ಸುಖ. ಮುಂದಿನ ಕಿಟಕಿಯ ಮೂಲೆಯಲ್ಲಿರುವ ತ್ರಿಕೋನದ ಗಾಜು ತಿರುಗಿಸಿದರೆ ಗಾಳಿ ಸೀದಾ ಒಳಗೆ. ನಮ್ಮ ಅತ್ತೆಗೆ ಮಂಡಿ ನೋವು, ಆದರೂ ಸಲೀಸಾಗಿ ಹತ್ತಿ ಇಳಿಯುತ್ತಾರೆ. 800ರಲ್ಲಿ ಕೂರಿಸಿದರೆ, "ನೆಲದಲ್ಲಿ ಕೂತ ಹಾಗೆ ಆಗ್ತದೆ ಮಾರಾಯ್ತಿ" ಅಂತ ಗೊಣಗಾಟ.

ಓಡಿಸುವವರ ಪಾಡು ಬೇರೆ. ಸ್ಟೇರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಸಾಯನ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಕೈಕಾಲು ಎರಡೂ ಸೋತು ಹೋಗುತ್ತವೆ. ಮಳೆಗಾಲದಲ್ಲಿ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಬೇಕು, ಅದರೊಳಗಿನ ಕಾಂಟ್ಯಾಕ್ಟ್ ಪಾಯಿಂಟಿಗೆ ಪಾಲಿಶ್ ಪೇಪರ್ ಉಜ್ಜಬೇಕು. ಬೇಸಿಗೆಯಲ್ಲಿ ಖಂಡಾಲಾ ಘಾಟಿ ಹತ್ತುವಾಗಲಂತೂ ಇನ್ನೊಂದು ರಗಳೆ. ಇದರ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿದೆ. ಇಂಜಿನ್ ಕಾದರೆ ಪೆಟ್ರೋಲು ಅಲ್ಲೇ ಆವಿಯಾಗಿ, ಪೆಟ್ರೋಲು-ಗಾಳಿ ಬೆರೆಸುವ ಕಾರ್ಬೊರೇಟರಿಗೆ ಏನೂ ಹೋಗುವುದಿಲ್ಲ. ಗಾಡಿ ಕೆಮ್ಮುತ್ತದೆ, ನಿಲ್ಲುತ್ತದೆ. ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಆ ಬಟ್ಟೆ ನಮ್ಮ ಡಿಕ್ಕಿಯಲ್ಲಿ ಸದಾ ಇರುತ್ತದೆ, ಜೊತೆಗೊಂದು ನೀರಿನ ಕ್ಯಾನು. ಮಾವನವರು ಇದನ್ನೆಲ್ಲ ಖುಷಿಯಿಂದ ಮಾಡುತ್ತಾರೆ. ನನಗೆ ಆಫೀಸಿಗೆ ಹೊತ್ತಾಗಿರುತ್ತದೆ.

800ರಲ್ಲಿ ಇಂಥ ಯಾವ ಪೂಜೆಯೂ ಇಲ್ಲ. ಪಂಪು ಟ್ಯಾಂಕಿನೊಳಗಿದೆ, ಕಾರ್ಬೊರೇಟರೇ ಇಲ್ಲ. ಕೀ ತಿರುಗಿಸಿದರೆ ಆಯ್ತು. 796 ಸಿಸಿ, ಮೂರೇ ಸಿಲಿಂಡರು. ನಿಂತಾಗ ಸ್ವಲ್ಪ ನಡುಗುತ್ತದೆ, ಎಸಿ ಹಾಕಿ ಫ್ಲೈಓವರ್ ಏರಿಸಿದರೆ ಏದುಸಿರು ಬಿಡುತ್ತದೆ. 12 ಇಂಚಿನ ಪುಟ್ಟ ಚಕ್ರ ಬೇರೆ, ಜುಲೈ ತಿಂಗಳ ಹೊಂಡಗಳು ಒಂದೊಂದೂ ಸೊಂಟಕ್ಕೇ ಬರುತ್ತವೆ. ಇರಲಿ. ಉದ್ದದಲ್ಲಿ ಪದ್ಮಿನಿಗಿಂತ ಅರ್ಧ ಮೀಟರಿಗೂ ಜಾಸ್ತಿ ಗಿಡ್ಡ. ಸೊಸೈಟಿಯಲ್ಲಿ ಸ್ಕೂಟರುಗಳ ನಡುವೆ ನುಗ್ಗಿಸಿ ನಿಲ್ಲಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ಯಾವುದನ್ನೇ ಕೊಂಡರೂ ಮೊದಲು ಮ್ಯಾಟ್ ಎತ್ತಿ ನೋಡಿ. ಕಡಲ ಗಾಳಿಗೆ ತಳದ ತಗಡು ತುಕ್ಕು ಹಿಡಿದಿರುತ್ತದೆ, ಮೇಲೆ ಹೊಸ ಪೇಂಟು ಮಿಂಚುತ್ತಿರುತ್ತದೆ. ಆರ್‌ಸಿಯನ್ನೂ ನೋಡಿ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಪಾಸಿಂಗ್ (ಆರ್‌ಟಿಒ ತಪಾಸಣೆ) ಆಗಬೇಕು, ಹಳೇ ಗಾಡಿಗಳ ಮೇಲಿನ ಗ್ರೀನ್ ಟ್ಯಾಕ್ಸ್ ಕಟ್ಟಿರಬೇಕು. ಬಾಕಿಯಿದ್ದರೆ ಅದನ್ನು ಮಾರುವವರ ಕೈಯಲ್ಲೇ ಕಟ್ಟಿಸಿ.