ಜಾರ್ಜ್‌ಟೌನಿನಲ್ಲಿ ನಾಸಿ ಕಂದರ್ ಊಟ

ಮಲಯ ಭಾಷೆಯಲ್ಲಿ ಪಿನಾಂಗ್ ಎಂದರೆ ಅಡಿಕೆ. ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಹೆಸರು ಬಂದದ್ದು ಅದರಿಂದಲೇ. ಆದರೆ ಅಲ್ಲಿನ ಬಂದರು ನಗರ ಜಾರ್ಜ್‌ಟೌನಿನಲ್ಲಿ ಸುತ್ತುವವನ ಮೂಗಿಗೆ ಮೊದಲು ಬಡಿಯುವುದು ಮಸಾಲೆ ಸಾರಿನ ಘಮ. ನಾಸಿ ಎಂದರೆ ಅನ್ನ, ಕಂದರ್ ಎಂದರೆ ಕಾವಡಿ: ತಮಿಳು ಮುಸ್ಲಿಂ ವ್ಯಾಪಾರಿಗಳು ಹಿಂದೆ ಅನ್ನ, ಸಾರುಗಳನ್ನು ಕಾವಡಿಯ ಎರಡು ತುದಿಗೆ ತೂಗಿಸಿಕೊಂಡು ಬಂದರಿನ ಕೂಲಿಗಳಿಗೆ ಮಾರುತ್ತಿದ್ದುದರಿಂದ ಊಟಕ್ಕೂ ಅದೇ ಹೆಸರು ನಿಂತಿತು. ಕ್ಯಾಂಪ್‌ಬೆಲ್ ಬೀದಿಯ ಹಮೀದಿಯಾ ಹೋಟೆಲು 1907ರಷ್ಟು ಹಳೆಯದು. ನಾನು ಉಂಡದ್ದು ಚೂಲಿಯಾ ಬೀದಿಯ ಆಸುಪಾಸಿನ ಬೇರೊಂದು ಸಣ್ಣ ಅಂಗಡಿಯಲ್ಲಿ. ಅದರ ಮೇಲೆ ನನ್ನದೊಂದು ದೂರು ಕೂಡ ಇರುವುದರಿಂದ ಹೆಸರು ಬರೆಯುತ್ತಿಲ್ಲ.

ಬಡಿಸುವವರು ಬಿಳಿ ಅನ್ನದ ಪಕ್ಕದಲ್ಲಿ ಹುರಿದ ಕೋಳಿಯ ತುಂಡನ್ನೂ ಬೇಯಿಸಿದ ಇಡೀ ಬೆಂಡೆಕಾಯಿಗಳನ್ನೂ ಇಟ್ಟು (ಅಲ್ಲಿಯೂ ಅದು ‘ಬೆಂಡಿ’ಯೇ), ಮೀನಿನ ಸಾರು, ಕೋಳಿ ಸಾರು, ಕಪ್ಪಗಿನ ಇನ್ನೊಂದು ಗಟ್ಟಿ ಸಾರು ಎಂದು ಒಂದರ ಮೇಲೊಂದು ಸುರಿದರು. ಅನ್ನ ಮುಳುಗುವಷ್ಟು ಸಾರು ಬೇಕೆನ್ನುವವರು ‘ಬಂಜಿರ್’ ಎನ್ನಬೇಕು, ಅಂದರೆ ನೆರೆ. ಬೆರೆತ ಸಾರಿನಲ್ಲಿ ಮೊದಲು ಮೀನಿನ ಹುಳಿ, ಆಮೇಲೆ ಸೋಂಪಿನ ಸಿಹಿ, ಕೊನೆಗೆ ಗಂಟಲಲ್ಲಿ ಉಳಿಯುವ ಕಾಳುಮೆಣಸಿನ ಖಾರ. ರುಚಿಯ ಬಗ್ಗೆ ನನ್ನ ತಕರಾರಿಲ್ಲ.

ಬಡಿಸುತ್ತಿದ್ದ ಅದೇ ವ್ಯಕ್ತಿ ಅಡುಗೆಮನೆಯತ್ತ ತಮಿಳಿನಲ್ಲಿ ಕೂಗಿ, ಹುಡುಗನಿಗೆ ಮಲಯದಲ್ಲಿ ಹೇಳಿ, ನನ್ನ ಮುಂದಿದ್ದ ಚೀನೀ ಅಜ್ಜಿಯೊಂದಿಗೆ ಹೊಕ್ಕಿಯನ್ ಎಂಬ ಚೀನೀ ನುಡಿಯಲ್ಲಿ ನಗೆಯಾಡಿದರು. ದನದ ಮಾಂಸದ ತಟ್ಟೆ ಕಂಡು ಅಜ್ಜಿ ಬೇಡವೆಂದು ಕೈಯಾಡಿಸಿದರು; ಚೀನೀಯರ ಕರುಣೆಯ ದೇವತೆ ಕ್ವಾನ್ ಯಿನ್ ದೇವಿಯ ಭಕ್ತರಲ್ಲಿ ಹಲವರು ಗೋಮಾಂಸ ಮುಟ್ಟುವುದಿಲ್ಲ. ಆ ದೇವಿಯ ಗುಡಿ, 1801ರ ಕಪಿತಾನ್ ಕೆಲಿಂಗ್ ಮಸೀದಿ, 1818ರ ಸೇಂಟ್ ಜಾರ್ಜ್ ಇಗರ್ಜಿ, 1833ರ ಮಾರಿಯಮ್ಮನ ದೇವಸ್ಥಾನ ಎಲ್ಲವೂ ಅಲ್ಲಿಂದ ನಡೆದು ನೋಡಬಹುದಾದಷ್ಟು ಹತ್ತಿರ. ಪ್ರವಾಸೋದ್ಯಮದವರು ಇದನ್ನು ‘ಸಾಮರಸ್ಯದ ಬೀದಿ’ ಎಂದು ಕರೆಯುತ್ತಾರೆ. ನನಗೆ ಆ ಮಾತು ಸ್ವಲ್ಪ ಸಪ್ಪೆ ಎನಿಸಿತು. ಅಂಗಡಿಯಾತ ಹೊಕ್ಕಿಯನ್ ಕಲಿತದ್ದು ಗಿರಾಕಿಗಾಗಿ, ಆ ಸಲಿಗೆ ಬೆಳೆದದ್ದು ವ್ಯಾಪಾರದ ಕಟ್ಟೆಯ ಮೇಲೆ.

ಇನ್ನು ದೂರು. ದರಪಟ್ಟಿ ಎಲ್ಲಿಯೂ ಇಲ್ಲ. ತಟ್ಟೆಯತ್ತ ಒಮ್ಮೆ ಕಣ್ಣಾಡಿಸಿ 19 ರಿಂಗಿಟ್ ಎಂದರು, ಹೆಚ್ಚುಕಡಿಮೆ ಅಷ್ಟೇ ಪದಾರ್ಥ ಹಾಕಿಸಿಕೊಂಡ ಪಕ್ಕದವರಿಗೆ 13. ಆದ್ದರಿಂದ ಪ್ರತಿಯೊಂದರ ಬೆಲೆಯನ್ನು ಬಡಿಸುವ ಮೊದಲೇ ಕೇಳುವುದು ಒಳಿತು. ಸಾರಿನ ಸೌಟು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಓಡಾಡುವುದರಿಂದ ದನದ ಮಾಂಸ ತಿನ್ನದವರು ಎಚ್ಚರ ವಹಿಸಬೇಕು. ಸಸ್ಯಾಹಾರಿಗಳಿಗಂತೂ ಇಲ್ಲಿ ಕೆಲಸವಿಲ್ಲ, ಅವರು ಮಾರಿಯಮ್ಮನ ಗುಡಿಯ ಸುತ್ತಲಿನ ಬಾಳೆಎಲೆ ಊಟದ ಹೋಟೆಲುಗಳತ್ತ ನಡೆಯುವುದು ಮೇಲು. ಮರುದಿನ ನಾನು ಬೆಲೆ ಕೇಳಿಯೇ ಹಾಕಿಸಿಕೊಂಡೆ. 14 ರಿಂಗಿಟ್ ಆಯಿತು, ಬೆಂಡೆಕಾಯಿಗೆ ಲೆಕ್ಕ ಹಾಕಲಿಲ್ಲ.