ಕುಂಬಳೆ ಕಡಪ್ಪುರದ ಮರುವಾಯಿ ಸುಕ್ಕ: ಬೋರ್ಡಿಲ್ಲದ ಹೋಟೆಲಿನ ಊಟ

ಕಾಸರಗೋಡು ಜಿಲ್ಲೆಯ ಕುಂಬಳೆಗೆ ಬಂದವರು ಅನಂತಪುರದ ಕೆರೆ ದೇವಸ್ಥಾನ, ಆರಿಕ್ಕಾಡಿ ಕೋಟೆ ನೋಡಿ, ಹೈವೇ ಬದಿಯಲ್ಲಿ ಬಿರಿಯಾನಿ ತಿಂದು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರೈಲು ಹಳಿ ದಾಟಿ ಕೊಯಿಪ್ಪಾಡಿ ಕಡಪ್ಪುರದ (ಕಡಲತೀರದ) ಕಡೆ ಹೋಗಿ. ಶಿರಿಯ ಹೊಳೆ, ಕುಂಬಳೆ ಹೊಳೆ ಎರಡೂ ಕಡಲು ಸೇರುವ ಅಳಿವೆ ಅಲ್ಲೇ ಹತ್ತಿರ. ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಕಡಲು, ನಡುವೆ ತೆಂಗು ಮತ್ತು ಮೀನುಗಾರರ ಮನೆಗಳು. ಅದರಲ್ಲೊಂದು ಮನೆಯ ಜಗಲಿಯಲ್ಲೇ ಬೆಂಚು ಹಾಕಿ ಮಧ್ಯಾಹ್ನ ಮೀನೂಟ ಕೊಡುತ್ತಾರೆ. ಅಲ್ಲಿಗೆ ಹೋಗಬೇಕಾದ್ದು ಮರುವಾಯಿ (ಹೊಳೆಯ ಚಿಪ್ಪುಮೀನು) ಸುಕ್ಕಕ್ಕೆ, ಅಂದರೆ ಅದರ ಒಣ ಪಲ್ಯಕ್ಕೆ. ಬೋರ್ಡಿಲ್ಲ. ತುಳು, ಮಲಯಾಳ, ಕನ್ನಡ, ಯಾವುದರಲ್ಲಿ ಕೇಳಿದರೂ ಜನ ದಾರಿ ತೋರಿಸುತ್ತಾರೆ.

ಮೆನು ಇಲ್ಲ. "ಇವತ್ತು ಎಂತ ಉಂಟು ಅಕ್ಕಾ?" ಅಂತ ಕೇಳಬೇಕು. "ಮರುವಾಯಿ ಉಂಟು, ಬಂಗುಡೆ ಉಂಟು. ಅಂಜಲ್ ಇಲ್ಲ" ಅಂದರೆ ಅಷ್ಟೇ, ಇಲ್ಲದ್ದನ್ನು ಪೇಟೆಯಿಂದ ತಂದು ಬಡಿಸುವುದಿಲ್ಲ. ನನಗೆ ಈ ಜಾಗ ಇಷ್ಟವಾಗಿದ್ದೇ ಇದಕ್ಕೆ.

ಮರುವಾಯಿ ಇದ್ದರೆ ಬೇರೇನೂ ಯೋಚಿಸಬೇಡಿ. ನೀರು ಇಳಿದಾಗ ಹೊಳೆಯಲ್ಲಿ ಕೈಯಾಡಿಸಿ ಹೆಕ್ಕಿ ತಂದದ್ದನ್ನು ನೀರಲ್ಲಿ ನೆನೆಹಾಕಿ, ಮರಳು ಬಿಟ್ಟ ಮೇಲೆ ಕತ್ತಿಯಲ್ಲಿ ಬಿಡಿಸಿ, ಮಾಂಸ ಅಂಟಿರುವ ಒಂದು ಚಿಪ್ಪು ಮಾತ್ರ ಉಳಿಸಿ, ಹುರಿದ ಮಸಾಲೆ, ತೆಂಗಿನತುರಿ ಹಾಕಿ ಸುಕ್ಕ ಮಾಡುತ್ತಾರೆ. ಚಿಪ್ಪು ಬಾಯಿಗಿಟ್ಟು ಎಳೆದರೆ ಮೊದಲು ಮಸಾಲೆ, ಆಮೇಲೆ ಸಣ್ಣಗೆ ಉಪ್ಪುನೀರಿನ ರುಚಿ. ಒಂದೇ ಒಂದು ಮರಳಿನ ಕಾಳು ಹಲ್ಲಿಗೆ ಸಿಗಲಿಲ್ಲ, ಅದು ಸಣ್ಣ ಕೆಲಸ ಅಲ್ಲ. ಜೊತೆಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಸಾರು), ಉಪ್ಪಿನಕಾಯಿ. ಮೀನು ಫ್ರೈ ಮಾತ್ರ ಸಾಧಾರಣ, ಮಸಾಲೆ ಸ್ವಲ್ಪ ಜಾಸ್ತಿ.

ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿದು ನೀರಿನ ಉಪ್ಪು ಇಳಿದ ಮೇಲೆ ಮರುವಾಯಿ ಸಿಗುವುದು ಕಷ್ಟ. ಕೇರಳದಲ್ಲಿ ಟ್ರಾಲಿಂಗ್ (ದೊಡ್ಡ ಬೋಟುಗಳ ಎಳೆಬಲೆ ಮೀನುಗಾರಿಕೆ) ನಿಷೇಧವೂ ಆಗಲೇ, ಜುಲೈ 31ರವರೆಗೆ 52 ದಿನ. ಆಗ ಇವರು ಹೊಳೆ ಮೀನು, ಸಣ್ಣ ದೋಣಿಯವರು ತಂದದ್ದು ಇಷ್ಟರಲ್ಲೇ ಅಡುಗೆ ಮಾಡುತ್ತಾರೆ. ಒಮ್ಮೊಮ್ಮೆ ಒಂದೇ ಪದಾರ್ಥ ಇರುತ್ತದೆ, ಬೇಜಾರು ಮಾಡಬೇಡಿ. ಇದು ಮಳೆಗಾಲದ ಮಾತಾಯಿತು. ಆದರೆ ಹೊಳೆಯ ಮರಳು ಬಾಚಿ ತಳವೇ ಹೋದರೆ ಯಾವ ಕಾಲದಲ್ಲೂ ಮರುವಾಯಿ ಇರುವುದಿಲ್ಲ, ಅಲ್ವಾ? ನಮ್ಮ ಗಡಿನಾಡಿನ ಹೊಳೆಗಳ ವಿಷಯದಲ್ಲಿ ನನಗೆ ನಿಜವಾದ ಹೆದರಿಕೆ ಇರುವುದು ಅದರದ್ದೇ.

ಹನ್ನೆರಡೂವರೆಗೇ ಹೋಗಿ, ಎರಡು ಗಂಟೆಗೆ ಪಾತ್ರೆ ಖಾಲಿ. ನಗದು ಇಟ್ಟುಕೊಳ್ಳಿ. ಕಾರು ಮೇಲಿನ ರಸ್ತೆಯಲ್ಲೇ ನಿಲ್ಲಿಸಿ, ಒಳಗೆ ತಿರುಗಿಸಲು ಜಾಗವಿಲ್ಲ. ಊಟ ಆದ ಮೇಲೆ ಕಡಲ ಬದಿ ನಡೆಯಿರಿ, ಆದರೆ ಮಕ್ಕಳನ್ನು ಅಳಿವೆ ಬಾಗಿಲಲ್ಲಿ ನೀರಿಗಿಳಿಸಬೇಡಿ, ಅಲ್ಲಿ ಸೆಳೆತ ಜೋರು.