ಸದಾ ಹಾಕಿಡುವ ಝೂಮ್ ಲೆನ್ಸ್ ಯಾವುದು? ಚಿಕ್ಕ ಸಂಖ್ಯೆಯನ್ನು ಮೊದಲು ನೋಡಿ

ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ) ಕ್ಯಾಮೆರಾದ ಮೇಲೆ ಸದಾ ಹಾಕಿಡಲು ಒಂದೇ ಒಂದು ಝೂಮ್ ಲೆನ್ಸ್ ಬೇಕೆನ್ನುವವರು ಮೊದಲು ಕೇಳುವುದು ಅದು ಎಷ್ಟು ದೂರದ್ದನ್ನು ಹತ್ತಿರಕ್ಕೆ ಎಳೆದು ತರುತ್ತದೆ ಎಂದು. ಲೆನ್ಸಿನ ಫೋಕಲ್ ಲೆಂತ್ ವ್ಯಾಪ್ತಿಯನ್ನು ಮಿ.ಮೀ.ನಲ್ಲಿ ಹೇಳುವ 24-105, 24-120, 28-200 ಎಂಬ ಜೋಡಿ ಸಂಖ್ಯೆಗಳಲ್ಲಿ ಕಣ್ಣು ಹೋಗುವುದು ಬಲಬದಿಯ ದೊಡ್ಡ ಸಂಖ್ಯೆಯ ಕಡೆಗೇ. ಅದು ದೊಡ್ಡದಾದಷ್ಟೂ ಲೆನ್ಸ್ ಹೆಚ್ಚು ಉಪಯುಕ್ತ ಎಂಬ ಎಣಿಕೆಯೂ ಅದರ ಜೊತೆಗೇ ಹುಟ್ಟುತ್ತದೆ. ಈ ವರ್ಗದ ಮುಖ್ಯ ಲೆನ್ಸ್‌ಗಳನ್ನು ಇಲ್ಲಿ ಪರಿಶೀಲಿಸುವಾಗ ನಾನು ಎಡಬದಿಯ ಚಿಕ್ಕ ಸಂಖ್ಯೆಯಿಂದ, ಎಂದರೆ ಲೆನ್ಸ್ ಎಷ್ಟು ಅಗಲದ ನೋಟ ಹಿಡಿಯುತ್ತದೆ ಎಂಬುದರಿಂದ, ಆರಂಭಿಸುತ್ತೇನೆ. ದೊಡ್ಡ ಸಂಖ್ಯೆಯ ಕೊರತೆಯನ್ನು ಒಂದು ಮಟ್ಟಿಗೆ ಆಮೇಲೆ ತುಂಬಿಕೊಳ್ಳಬಹುದು, ಚಿಕ್ಕ ಸಂಖ್ಯೆಯ ಕೊರತೆಯನ್ನು ತುಂಬಿಕೊಳ್ಳುವ ದಾರಿ ಬಹುಮಟ್ಟಿಗೆ ಇಲ್ಲ.

ಲೆಕ್ಕ ಸರಳವಾಗಿದೆ. ಫುಲ್ ಫ್ರೇಮ್ ಸೆನ್ಸರ್‌ನ (ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡದಾದ ಸೆನ್ಸರ್) ಅಗಲ 36 ಮಿ.ಮೀ. ಮೂರು ಮೀಟರ್ ದೂರದ ಗೋಡೆಗೆ ನೇರವಾಗಿ ಕ್ಯಾಮೆರಾ ಹಿಡಿದರೆ 28 ಮಿ.ಮೀ. ಫೋಕಲ್ ಲೆಂತ್‌ನಲ್ಲಿ ಆ ಗೋಡೆಯ ಸುಮಾರು 3.85 ಮೀಟರ್ ಅಗಲ ಚಿತ್ರದೊಳಗೆ ಬರುತ್ತದೆ, 24ರಲ್ಲಿ 4.5 ಮೀಟರ್, 20ರಲ್ಲಿ 5.4 ಮೀಟರ್. ಹಿಂದೆ ಸರಿಯಲು ಜಾಗವಿಲ್ಲದ ಕೋಣೆಯಲ್ಲಿ ಒಂದು ಕುಟುಂಬವನ್ನು ನಿಲ್ಲಿಸಿ ಚಿತ್ರ ತೆಗೆಯುವಾಗ 28ಕ್ಕೂ 24ಕ್ಕೂ ನಡುವಿನ ಈ ಅರವತ್ತೈದು ಸೆಂಟಿಮೀಟರ್‌ಗಳಲ್ಲಿ ತುದಿಯ ಒಬ್ಬರು ಒಳಗಿರುತ್ತಾರೋ ಹೊರಗಿರುತ್ತಾರೋ ಎಂಬುದು ತೀರ್ಮಾನವಾಗುತ್ತದೆ. ಹಲವು ಚಿತ್ರಗಳನ್ನು ಹೊಲಿದು ಅಗಲ ಮಾಡಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಅದು ಬೆಟ್ಟಕ್ಕೂ ಕಟ್ಟಡಕ್ಕೂ ಸರಿ, ಅಲುಗಾಡುವ ಮಕ್ಕಳಿಗೆ ಸರಿಯಾಗದು. ಇನ್ನೊಂದು ತುದಿಯ ಲೆಕ್ಕ ಬೇರೆಯೇ ಇದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 70 ಮಿ.ಮೀ.ನಲ್ಲಿ ತೆಗೆದ ಚಿತ್ರವನ್ನು 105ರ ನೋಟಕ್ಕೆ ಕತ್ತರಿಸಿದರೆ 10 ಮೆಗಾಪಿಕ್ಸೆಲ್‌ಗೂ ಹೆಚ್ಚು ಉಳಿಯುತ್ತದೆ, ಎ4 ಹಾಳೆಯಲ್ಲಿ ಒಪ್ಪವಾಗಿ ಮುದ್ರಿಸಲು ಅಷ್ಟು ಸಾಕು. 45 ಮೆಗಾಪಿಕ್ಸೆಲ್ ಇದ್ದರೆ 120ರಿಂದ 200ಕ್ಕೆ ಕತ್ತರಿಸಿದಾಗಲೂ 16ರಷ್ಟು ಉಳಿಯುತ್ತದೆ. ಹಕ್ಕಿಗಳ ಚಿತ್ರ ತೆಗೆಯುವವರಿಗೆ ಈ ಸಮಾಧಾನ ಸಾಲದು, ಆದರೆ ಅವರ ಕೆಲಸಕ್ಕೆ ಸರ್ವೋಪಯೋಗಿ ಝೂಮ್ ಹೇಗೂ ಒದಗುವುದಿಲ್ಲ.

ಈ ಅಳತೆಗೋಲು ಹಿಡಿದು ನೋಡಿದರೆ ನನ್ನ ಮಟ್ಟಿಗೆ ಮೊದಲ ಸಾಲಿಗೆ ಬರುವುದು 24ರಿಂದ ಆರಂಭವಾಗಿ ಉದ್ದಕ್ಕೂ ಎಫ್ 4 ಅಪರ್ಚರ್ (ಬೆಳಕು ಒಳಬಿಡುವ ಕಿಂಡಿಯ ಅಳತೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು) ಉಳಿಸಿಕೊಳ್ಳುವ ಲೆನ್ಸ್‌ಗಳು. ಅವುಗಳಲ್ಲಿ 2021ರಲ್ಲಿ ಪ್ರಕಟವಾದ ನಿಕಾನ್ ಝಡ್ 24-120 ಎಫ್ 4 ಎಸ್ ಅತ್ಯಂತ ಹದವಾಗಿ ರೂಪುಗೊಂಡದ್ದು ಎಂಬುದು ನನ್ನ ಅಭಿಪ್ರಾಯ. 630 ಗ್ರಾಂ ತೂಕದಲ್ಲಿ ಅದು ವಿಶಾಲವಾದ ಭೂದೃಶ್ಯದಿಂದ ಮುಖಚಿತ್ರದವರೆಗಿನ ಎಲ್ಲವನ್ನೂ ಒಳಗೊಳ್ಳುತ್ತದೆ; ಯಾವ ಫೋಕಲ್ ಲೆಂತ್‌ನಲ್ಲಿಯೂ 35 ಸೆಂ.ಮೀ.ವರೆಗೆ ಹತ್ತಿರ ಹೋಗಲು ಬಿಡುವುದರಿಂದ 120ರ ತುದಿಯಲ್ಲಿ ಹೂವು, ಆಭರಣ, ಕೈಬರಹದಂಥ ಸಣ್ಣ ವಸ್ತುಗಳೂ ಚೆನ್ನಾಗಿ ದೊರೆಯುತ್ತವೆ. ಮೂಲೆಗಳ ಸ್ಪಷ್ಟತೆಗಾಗಿ ಅಪರ್ಚರ್ ಕಿರಿದು ಮಾಡಲೇಬೇಕೆಂಬ ಒತ್ತಡವೂ ಹೆಚ್ಚಿಲ್ಲ. ಅದರ ಹಿಂದೆ, 2018ರಲ್ಲಿ, ಅದೇ ಕಂಪನಿ ತಂದಿದ್ದ 24-70 ಎಫ್ 4 ಎಸ್ 500 ಗ್ರಾಂ ಮಾತ್ರ ತೂಗುತ್ತದೆ, ಮುಚ್ಚಿಟ್ಟಾಗ ಇನ್ನಷ್ಟು ಗಿಡ್ಡವಾಗುತ್ತದೆ. ಕ್ಯಾಮೆರಾದ ಜೊತೆಯಲ್ಲಿಯೇ ಬಂದದ್ದೆಂಬ ಕಾರಣಕ್ಕೆ ಅದನ್ನು ಕಡೆಗಣಿಸುವವರು ಒಂದು ಒಳ್ಳೆಯ ಲೆನ್ಸನ್ನು ಕಡೆಗಣಿಸುತ್ತಿದ್ದಾರೆ.

ಸೋನಿಯ ಎಫ್‌ಇ 24-105 ಎಫ್ 4 ಜಿ 2017ರದು, 663 ಗ್ರಾಂ ತೂಗುತ್ತದೆ. ವಯಸ್ಸಾದರೂ ಲೆನ್ಸಿನೊಳಗೇ ಕಂಪನ ನಿವಾರಣೆ ಇರುವುದು ಅದರ ಗಟ್ಟಿ ಗುಣ. ಕ್ಯಾನನ್ ಆರ್‌ಎಫ್ 24-105 ಎಫ್ 4 ಎಲ್ ಕೂಡ ಅಂಥದೇ, ತೂಕ 700 ಗ್ರಾಂ, ನಂಬಿ ಕೆಲಸ ಮಾಡಬಹುದಾದದ್ದು, ಉತ್ಸಾಹ ಕೆರಳಿಸುವಂಥದ್ದಲ್ಲ. ಪ್ಯಾನಸಾನಿಕ್ ಎಲ್ ಮೌಂಟ್ ಎಂಬ ಜೋಡಣೆಯ ಕ್ಯಾಮೆರಾಗಳಿಗೆ ತಂದ ಎಸ್ 24-105 ಎಫ್ 4 ಮ್ಯಾಕ್ರೊ ವಸ್ತುವಿನ ಅರ್ಧದಷ್ಟು ಗಾತ್ರದ ಬಿಂಬವನ್ನು ಸೆನ್ಸರ್ ಮೇಲೆ ಮೂಡಿಸುತ್ತದೆ. ಕೀಟ, ಮೊಗ್ಗುಗಳತ್ತ ಆಗಾಗ ಬಾಗುವವರು ಈ ಒಂದು ಗುಣಕ್ಕಾಗಿಯೇ ಅದನ್ನು ಆರಿಸಬಹುದು.

ಈ ಎಲ್ಲದರ ನಡುವೆ ನನ್ನ ವಾದವನ್ನು ಅಕ್ಷರಶಃ ಜಾರಿಗೆ ತಂದಿರುವುದು 2023ರಲ್ಲಿ ಬಂದ ಸೋನಿ ಎಫ್‌ಇ 20-70 ಎಫ್ 4 ಜಿ. 24-105ಕ್ಕೆ ಹೋಲಿಸಿದರೆ ಟೆಲಿ (ದೂರದ ನೋಟದ) ತುದಿಯ 35 ಮಿ.ಮೀ. ಬಿಟ್ಟುಕೊಟ್ಟು ವೈಡ್ (ಅಗಲ ನೋಟದ) ತುದಿಯಲ್ಲಿ ಕೇವಲ ನಾಲ್ಕನ್ನು ಪಡೆದಿರುವುದು ಕಾಗದದ ಮೇಲೆ ನಷ್ಟದ ವ್ಯಾಪಾರದಂತೆ ಕಾಣುತ್ತದೆ. ಆದರೆ ಆ ನಾಲ್ಕು ಮಿ.ಮೀ. ಒಳಾಂಗಣ, ವಾಸ್ತುಶಿಲ್ಪ, ಕಿಕ್ಕಿರಿದ ಬೀದಿಗಳಿಗೆ ಮತ್ತೊಂದು ವೈಡ್ ಲೆನ್ಸ್ ಒಯ್ಯುವ ಅಗತ್ಯವನ್ನೇ ತೆಗೆದುಹಾಕುತ್ತವೆ. ಕೈಚಾಚಿ ಕ್ಯಾಮೆರಾ ಹಿಡಿದು ತಮ್ಮನ್ನೇ ವಿಡಿಯೊ ಮಾಡಿಕೊಳ್ಳುವವರಿಗಂತೂ 24 ಬಿಗಿಯೆನಿಸುತ್ತದೆ, 20 ಸರಿಹೋಗುತ್ತದೆ. ತೂಕ 488 ಗ್ರಾಂ. ಇದರಲ್ಲಿ ಕಂಪನ ನಿವಾರಣೆ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಕಂಪನ ನಿವಾರಣೆಯ ಮಾತು ಬಂದದ್ದರಿಂದ ಅದನ್ನು ಇಲ್ಲಿಯೇ ಮುಗಿಸಿಬಿಡುವುದು ಒಳ್ಳೆಯದು. ಈಗಿನ ಅನೇಕ ಕ್ಯಾಮೆರಾಗಳಲ್ಲಿ ಸೆನ್ಸರ್ ತಾನೇ ಸರಿದು ಕೈನಡುಕವನ್ನು ಸರಿದೂಗಿಸುತ್ತದೆ, ಆದ್ದರಿಂದ ಲೆನ್ಸಿನಲ್ಲಿ ಅದು ಇಲ್ಲದಿದ್ದರೂ ನಡೆಯುತ್ತದೆ. ಆದರೆ ನಿಕಾನ್ ಝಡ್ 50, ಕ್ಯಾನನ್ ಇಒಎಸ್ ಆರ್‌ಪಿಯಂಥ ಕ್ಯಾಮೆರಾಗಳಲ್ಲಿ ಸೆನ್ಸರ್ ಸರಿಯುವ ವ್ಯವಸ್ಥೆ ಇಲ್ಲ. ಮೇಲೆ ಹೊಗಳಿದ ನಿಕಾನ್ 24-120ರೊಳಗೂ ಕಂಪನ ನಿವಾರಣೆ ಇಲ್ಲವಾದ್ದರಿಂದ ಇಂಥ ಜೋಡಿ ಮಾಡಿಕೊಂಡವರು ಸಂಜೆಯ ಹೊತ್ತು ಪೇಚಾಡುತ್ತಾರೆ. ಫೋಕಲ್ ಲೆಂತ್ ಉದ್ದವಾದಷ್ಟೂ ಲೆನ್ಸಿನೊಳಗಿನ ವ್ಯವಸ್ಥೆಗೆ ಬೆಲೆ ಹೆಚ್ಚು. ಎರಡರಲ್ಲಿ ಯಾವುದೇ ಇದ್ದರೂ ಅದು ತಡೆಯುವುದು ಹಿಡಿದ ಕೈಯ ಅಲುಗಾಟವನ್ನೇ ಹೊರತು ಎದುರಿಗಿರುವವರ ಓಡಾಟವನ್ನಲ್ಲ.

ಓಡಾಟವನ್ನು ತಡೆಯಬೇಕಾದರೆ ಬೆಳಕು ಬೇಕು, ಅಲ್ಲಿಗೆ ಎಫ್ 2.8 ಲೆನ್ಸ್‌ಗಳ ಸರದಿ. ಎಫ್ 4ಕ್ಕಿಂತ ಎಫ್ 2.8 ಒಂದು ಸ್ಟಾಪ್ ಹೆಚ್ಚು, ಎಂದರೆ ಎರಡರಷ್ಟು ಬೆಳಕು ಒಳಗೆ ಬಿಡುತ್ತದೆ. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 6400 ಬೇಕಿದ್ದ ಕಡೆ 3200 ಸಾಕಾಗುತ್ತದೆ, ಇಲ್ಲವೇ ಶಟರ್ ವೇಗವನ್ನು ಎರಡು ಪಟ್ಟು ಮಾಡಿಕೊಳ್ಳಬಹುದು. ಮದುವೆ, ವೇದಿಕೆ, ಒಳಾಂಗಣ ಕ್ರೀಡೆಗಳಲ್ಲಿ ಇದು ನಿಜವಾದ ಲಾಭ. ಸೋನಿಯ 24-70 ಎಫ್ 2.8 ಜಿಎಮ್‌ನ ಮೊದಲ ಆವೃತ್ತಿ 886 ಗ್ರಾಂ ಇದ್ದದ್ದು 2022ರ ಎರಡನೆಯ ಆವೃತ್ತಿಯಲ್ಲಿ 695ಕ್ಕೆ ಇಳಿದಿರುವುದರಿಂದ ಈ ವರ್ಗಕ್ಕೆ ಅಂಟಿಕೊಂಡಿದ್ದ ಭಾರದ ಅಪವಾದವೂ ಸಾಕಷ್ಟು ತಗ್ಗಿದೆ. ಸಿಗ್ಮಾ 28-70 ಎಫ್ 2.8 ಕಂಟೆಂಪರರಿ ಇನ್ನೂ ಮುಂದೆ ಹೋಗಿ 470 ಗ್ರಾಂಗೆ ಬಂದು ನಿಂತಿದೆ, ಟ್ಯಾಮ್ರಾನ್ 28-75ರ ಎರಡನೆಯ ಪೀಳಿಗೆ 540 ಗ್ರಾಂ. ಈ ಎರಡೂ ಹಗುರಾಗಿರುವುದರ ಒಂದು ಕಾರಣ ಅವು 28ರಿಂದ ಆರಂಭವಾಗುವುದು. ಒಳಾಂಗಣಕ್ಕೆಂದೇ ಎಫ್ 2.8 ಆರಿಸಿಕೊಂಡು, ಒಳಾಂಗಣದಲ್ಲಿಯೇ ಅಗಲ ಸಾಲದೆ ಹೋಗುವುದು ನನಗೆ ಒಗ್ಗದ ರಾಜಿ. ಮುಖಚಿತ್ರವೇ ಮುಖ್ಯವೆನ್ನುವವರಿಗೆ ಈ ಆಕ್ಷೇಪ ತಟ್ಟುವುದಿಲ್ಲ, ಅವರು ಸಿಗ್ಮಾವನ್ನು ಸಂತೋಷದಿಂದ ಕೊಳ್ಳಬಹುದು. ಹಿನ್ನೆಲೆ ಪೂರಾ ಕರಗಬೇಕೆಂಬ ಆಸೆಗೆ ಮಾತ್ರ ಎಫ್ 2.8 ಝೂಮ್ ಸರಿಯಾದ ಉತ್ತರವಲ್ಲ. ಎಫ್ 4 ಝೂಮ್ ಜೊತೆಗೆ ಎಫ್ 1.8ರ ಪುಟ್ಟ 50 ಅಥವಾ 85 ಪ್ರೈಮ್ (ಝೂಮ್ ಇಲ್ಲದ) ಲೆನ್ಸ್ ಇಟ್ಟುಕೊಂಡವರು ಆ ವಿಷಯದಲ್ಲಿ ಹೆಚ್ಚು ಸುಖಿಗಳು. ಕ್ಯಾನನ್ ಈ ತಾಕಲಾಟವನ್ನೇ ಮುಗಿಸಿಬಿಡುವಂತೆ 2023ರಲ್ಲಿ ಆರ್‌ಎಫ್ 24-105 ಎಫ್ 2.8 ತಂದಿತು, ಆದರೆ ಅದರ ತೂಕ 1330 ಗ್ರಾಂ. ಅದು ವೃತ್ತಿಯವರ ಉಪಕರಣ, ಸದಾ ಕತ್ತಿಗೆ ನೇತುಹಾಕಿಕೊಳ್ಳುವಂಥದ್ದಲ್ಲ.

ಸೂಪರ್‌ಝೂಮ್‌ಗಳಲ್ಲಿ, ಎಂದರೆ ಬಹಳ ದೊಡ್ಡ ವ್ಯಾಪ್ತಿಯ ಝೂಮ್‌ಗಳಲ್ಲಿ, ಸ್ಪಷ್ಟತೆ ಕಡಿಮೆ ಎಂಬ ಹಳೆಯ ಪೂರ್ವಗ್ರಹ ಈಗ ಅಷ್ಟಾಗಿ ಸಲ್ಲದು. ಟ್ಯಾಮ್ರಾನ್ 28-200 ಎಫ್ 2.8-5.6, 2020ರಲ್ಲಿ ಬಂದದ್ದು, 575 ಗ್ರಾಂನಲ್ಲಿ 200 ಮಿ.ಮೀ.ವರೆಗೆ ಹೋಗಿಯೂ ಎಫ್ 5.6ಕ್ಕಿಂತ ಕಿರಿದಾಗುವುದಿಲ್ಲ, ಸ್ಪಷ್ಟತೆಯಲ್ಲಿ ತನ್ನ ವರ್ಗದವರನ್ನು ನಾಚಿಸುತ್ತದೆ. ನಿಕಾನ್ 24-200 ಹೆಚ್ಚು ಅಗಲವಾಗಿ ಆರಂಭವಾಗುತ್ತದೆ, ಲೆನ್ಸಿನಲ್ಲಿಯೇ ಕಂಪನ ನಿವಾರಣೆ ಇದೆ, ಆದರೆ 100 ಮಿ.ಮೀ. ಮುಟ್ಟುವ ಮೊದಲೇ ಎಫ್ 6.3ಕ್ಕೆ ಇಳಿದಿರುತ್ತದೆ. ಪ್ಯಾನಸಾನಿಕ್ 28-200 ಕೇವಲ 413 ಗ್ರಾಂ, ಅದಕ್ಕೆ ತೆತ್ತದ್ದು ಎಫ್ 7.1. ಹಗಲಿನಲ್ಲಿ, ಬಯಲಿನಲ್ಲಿ, ಲೆನ್ಸ್ ಬದಲಿಸಿದರೆ ಧೂಳು ಹೊಗುವ ಜಾಗಗಳಲ್ಲಿ ಈ ಲೆನ್ಸ್‌ಗಳಿಗೆ ಸಾಟಿಯಿಲ್ಲ. ಬೆಳಕು ಇಳಿದ ಮೇಲೆ ಇವು ದೊಡ್ಡ ಸಂಖ್ಯೆಯನ್ನು ತೋರಿಸುತ್ತವೆಯೇ ಹೊರತು ಅದನ್ನು ಬಳಸಲು ಬಿಡುವುದಿಲ್ಲ.

ಹತ್ತಿರದ ಫೋಕಸ್ ಬಗ್ಗೆ ಕರಪತ್ರಗಳು ಹೇಳುವ ಅಂಕಿಗಳನ್ನು ಸ್ವಲ್ಪ ಬಿಡಿಸಿ ಓದಬೇಕು. ಆ ದೂರವನ್ನು ಅಳೆಯುವುದು ಲೆನ್ಸಿನ ತುದಿಯಿಂದಲ್ಲ, ಸೆನ್ಸರ್‌ನಿಂದ. ಟ್ಯಾಮ್ರಾನ್ 28-200ರ ಕನಿಷ್ಠ ದೂರ 19 ಸೆಂ.ಮೀ. ಎಂದಿದ್ದರೆ, ಲೆನ್ಸಿನ ಉದ್ದ 11.7 ಸೆಂ.ಮೀ., ಮೌಂಟ್‌ನಿಂದ ಸೆನ್ಸರ್‌ವರೆಗೆ 1.8 ಸೆಂ.ಮೀ. ಕಳೆದಾಗ ವಸ್ತುವಿಗೂ ಗಾಜಿಗೂ ನಡುವೆ ಉಳಿಯುವುದು ಐದೂವರೆ ಸೆಂಟಿಮೀಟರ್. ಅಷ್ಟರಲ್ಲಿ ಲೆನ್ಸಿನ ನೆರಳೇ ವಸ್ತುವಿನ ಮೇಲೆ ಬಿದ್ದಿರುತ್ತದೆ. ಅದೂ ವೈಡ್ ತುದಿಯಲ್ಲಿ ಮಾತ್ರ, 200ರಲ್ಲಿ 80 ಸೆಂ.ಮೀ. ದೂರ ಬೇಕು. ಟೆಲಿ ತುದಿಯಲ್ಲಿ ಹತ್ತಿರ ಬಿಡುವ ಲೆನ್ಸ್‌ಗಳೇ ಈ ಕೆಲಸಕ್ಕೆ ಮೇಲು.

ಮಿರರ್‌ಲೆಸ್ ಬಂದ ಮೇಲೆ ಲೆನ್ಸ್ ವಿನ್ಯಾಸದಲ್ಲಿಯೇ ಒಂದು ಪಲ್ಲಟವಾಗಿದೆ. ವ್ಯೂಫೈಂಡರ್‌ನಲ್ಲಿ ಕಾಣುವುದು ಸೆನ್ಸರ್ ಕಳಿಸುವ ಬಿಂಬವಾದ್ದರಿಂದ ಗಾಜಿನ ವಕ್ರತೆಯನ್ನು ಕ್ಯಾಮೆರಾ ಲೆಕ್ಕ ಹಾಕಿ ನೇರ ಮಾಡಿಯೇ ತೋರಿಸುತ್ತದೆ, ತಯಾರಕರು ಆ ಭಾರವನ್ನು ಗಾಜಿನ ಮೇಲಿಂದ ತಂತ್ರಾಂಶದ ಮೇಲೆ ಹೊರಿಸುತ್ತಾರೆ. ಕ್ಯಾನನ್ ಆರ್‌ಎಫ್ 24-240ರ ತಿದ್ದದ ರಾ ಫೈಲ್ (ಸೆನ್ಸರ್ ದಾಖಲಿಸಿದ ಮೂಲ ಕಡತ) ತೆರೆದರೆ 24ರಲ್ಲಿ ಮೂಲೆಗಳು ಕಪ್ಪಾಗಿಯೇ ಇರುತ್ತವೆ. ಇದನ್ನು ಮೋಸವೆಂದು ಕರೆಯಲಾರೆ, ಲೆನ್ಸ್ ಹಗುರವಾಗಲು ಇದೂ ಒಂದು ದಾರಿ. ಆದರೆ ತಿದ್ದುವಾಗ ಮೂಲೆಗಳನ್ನು ಎಳೆದು ಹಿಗ್ಗಿಸುವುದರಿಂದ ಅಲ್ಲಿನ ವಿವರ ತೆಳುವಾಗುತ್ತದೆ ಎಂಬುದು ದೊಡ್ಡ ಮುದ್ರಣ ಮಾಡುವವರಿಗೆ ತಿಳಿದಿರಬೇಕು.

ಚಿಕ್ಕ ಸೆನ್ಸರ್‌ನವರು ಇಲ್ಲಿನ ಅಂಕಿಗಳನ್ನು ತಮ್ಮ ಅಳತೆಗೆ ತಿರುಗಿಸಿಕೊಳ್ಳಬೇಕು. ಎಪಿಎಸ್-ಸಿ ಸೆನ್ಸರ್‌ನಲ್ಲಿ 1.5ರಿಂದ, ಕ್ಯಾನನ್ ಆದರೆ 1.6ರಿಂದ, ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 2ರಿಂದ ಗುಣಿಸಿದಾಗ ಫುಲ್ ಫ್ರೇಮ್‌ಗೆ ಸಮನಾದ ನೋಟ ಸಿಗುತ್ತದೆ. ಸಿಗ್ಮಾ 18-50 ಎಫ್ 2.8 ಮುನ್ನೂರು ಗ್ರಾಂ ಕೂಡ ಇಲ್ಲದ ಅಚ್ಚುಕಟ್ಟಾದ ಲೆನ್ಸ್, ಆದರೆ ಅದರ ನೋಟ 27ರಿಂದ ಆರಂಭ. ಟ್ಯಾಮ್ರಾನ್ 17-70 ಎಫ್ 2.8 ಸುಮಾರು 25ರಿಂದ 105ರ ನೋಟ ಕೊಡುತ್ತದೆ, ಕಂಪನ ನಿವಾರಣೆಯೂ ಇದೆ, ತೂಕ 525 ಗ್ರಾಂ. ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ. ಫ್ಯೂಜಿಫಿಲ್ಮ್‌ನವರಿಗೆ 16-80 ಎಫ್ 4 ಇದೆ, 2024ರ 16-50 ಎಫ್ 2.8-4.8 ಇದೆ, ಎರಡೂ 24ರ ನೋಟದಿಂದಲೇ ಆರಂಭವಾಗುತ್ತವೆ, ಎರಡನೆಯದು ಕೇವಲ 240 ಗ್ರಾಂ. ಒಲಿಂಪಸ್ 12-100 ಎಫ್ 4 ಪ್ರೊ 24ರಿಂದ 200ರವರೆಗಿನ ನೋಟವನ್ನು ಅಪರ್ಚರ್ ಬದಲಾಗದಂತೆ 561 ಗ್ರಾಂನಲ್ಲಿ ಕೊಡುತ್ತದೆ, ಫುಲ್ ಫ್ರೇಮ್‌ನಲ್ಲಿ ಇಂಥದ್ದು ಸಿಗುವುದಿಲ್ಲ. ಹಿನ್ನೆಲೆಯ ಮಸುಕು ಮಾತ್ರ ಫುಲ್ ಫ್ರೇಮ್‌ನ ಎಫ್ 8ರಷ್ಟೇ ಎಂಬುದು ಲೆಕ್ಕದಲ್ಲಿರಲಿ.

ಯಾವುದನ್ನೇ ಕೊಂಡರೂ ಮರಳಿಸುವ ಅವಧಿ ಮುಗಿಯುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಝೂಮ್‌ನಲ್ಲಿ ಸರಿದಾಡುವ ಗಾಜಿನ ಗುಂಪುಗಳು ಹಲವು. ಒಂದು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಚಿತ್ರದ ಒಂದು ಬದಿ ಮಸುಕಾಗುತ್ತದೆ, ಒಂದೇ ಮಾದರಿಯ ಎರಡು ಲೆನ್ಸ್‌ಗಳ ನಡುವೆ ಇಂಥ ವ್ಯತ್ಯಾಸ ಇರುತ್ತದೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ದೂರದ ಒಂದೇ ಗುರುತನ್ನು ನಾಲ್ಕು ಮೂಲೆಗಳಿಗೂ ಒಂದೊಂದಾಗಿ ತಂದು, ಪ್ರತಿ ಮೂಲೆಯಲ್ಲಿಯೂ ಹೊಸದಾಗಿ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ತೆಗೆದು ಹೋಲಿಸಬೇಕು. ವೈಡ್, ನಡುವೆ, ಟೆಲಿ ಮೂರೂ ಕಡೆ ಇದನ್ನು ಮಾಡಬೇಕು. ಮೂಲೆಗಳೆಲ್ಲ ಸಮವಾಗಿ ನಡುಭಾಗಕ್ಕಿಂತ ಸ್ವಲ್ಪ ಮೆದುವಾಗಿದ್ದರೆ ಅದು ವಿನ್ಯಾಸದ ಗುಣ, ಒಂದೇ ಮೂಲೆ ಎದ್ದು ಕಾಣುವಂತೆ ಮಸುಕಾಗಿದ್ದರೆ ಆ ಲೆನ್ಸನ್ನು ಬದಲಿಸಿಕೊಳ್ಳಬೇಕು.